ಚೆಂಡು ಕೈಬಿಡದ ಕೋಚ್

ದೊಡ್ಡ ಆಟಗಾರ ದೊಡ್ಡ ಕೋಚ್ ಆಗಲಾರ ಎಂಬ ಮಾತು ಕ್ರಿಕೆಟ್ ನೋಡುತ್ತಾ ಬೆಳೆದ ನಮಗೆಲ್ಲ ಬಾಯಿಪಾಠ. ತನಗೆ ತಾನಾಗಿ ಒಲಿದದ್ದನ್ನು ಇನ್ನೊಬ್ಬನಿಗೆ ಹೇಳಿಕೊಡುವುದು ಹೇಗೆಂದು ಅಂಥವರಿಗೆ ತಿಳಿಯುವುದಿಲ್ಲ, ಒದ್ದಾಡಿ ಕಲಿತವನೇ ಒಳ್ಳೆಯ ಮೇಷ್ಟ್ರು, ಹೀಗೆಲ್ಲ. 2024ರಲ್ಲಿ ದ್ರಾವಿಡ್ ಕೈಗೆ ಟಿ20 ವಿಶ್ವಕಪ್ ಬಂದ ಮೇಲೆ ನಮ್ಮ ಕಡೆ ಈ ವಾದದ ಸದ್ದು ಸ್ವಲ್ಪ ಅಡಗಿದೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಮಂದಿಯ ಮುಂದೆ ಇದನ್ನೇ ಹೇಳಿ ನೋಡಿ, ಒಂದೇ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಾರೆ: ಸ್ಟೀವ್ ಸ್ಪರಿಯರ್. ಆಟಗಾರನಾಗಿಯೂ ಕೋಚ್ ಆಗಿಯೂ ಆ ಆಟದ ಹಾಲ್ ಆಫ್ ಫೇಮ್ ಸೇರಿದ ಕೆಲವೇ ಜನರಲ್ಲಿ ಆತ ಒಬ್ಬ. ಆದರೆ ನನಗೆ ಸ್ಪರಿಯರ್ ಆ ವಾದಕ್ಕೆ ಉತ್ತರ ಎನಿಸುವುದಿಲ್ಲ. ಆತ ಕ್ವಾರ್ಟರ್‌ಬ್ಯಾಕ್, ಅಂದರೆ ತಂಡದ ಆಕ್ರಮಣ ನಡೆಸುವವನ, ಕೆಲಸ ಬಿಟ್ಟು ಕೋಚ್ ಆದವನೇ ಅಲ್ಲ. ಮೈದಾನದ ಅಂಚಿನಲ್ಲಿ ನಿಂತು, ಬೇರೆ ಹುಡುಗರ ಕೈಯಿಂದ, ಮೂವತ್ತು ವರ್ಷ ಆಟ ಮುಂದುವರಿಸಿದ. ಆತನ ಹಿರಿಮೆಯೂ ಅಲ್ಲೇ ಇದೆ, ಹುಳುಕೂ ಅಲ್ಲೇ ಇದೆ.

ಈ ಹೆಸರು ನನ್ನ ಕಿವಿಗೆ ಬಿದ್ದದ್ದು 2009ರಲ್ಲಿ, ಎಂಎಸ್ ಮಾಡಲು ಸೌತ್ ಕೆರೊಲಿನಾದ ಕೊಲಂಬಿಯಾಕ್ಕೆ ಹೋದಾಗ. ಅಲ್ಲಿನ ವಿಶ್ವವಿದ್ಯಾಲಯದ ತಂಡದ ಲಾಂಛನ ಕಾಳಗದ ಹುಂಜ. ಪುತ್ತೂರು ಕಡೆಯವನಿಗೆ ಇದಕ್ಕಿಂತ ಬೇಗ ಊರು ನೆನಪಿಸುವ ಗುರುತು ಬೇಕೆ? ನಮ್ಮಲ್ಲಿ ಕೋಳಿ ಅಂಕಕ್ಕೆ ಪೊಲೀಸರು ನುಗ್ಗಿದರೆ ಹುಂಜವನ್ನು ಕಂಕುಳಲ್ಲಿ ಒತ್ತಿಕೊಂಡು ಗದ್ದೆ ಹಾರಿ ಓಡುತ್ತಾರೆ. ಇಲ್ಲಿ ಶನಿವಾರ ಬಂತೆಂದರೆ ಎಂಬತ್ತು ಸಾವಿರ ಜನ ಹುಂಜದ ಚಿತ್ರವಿರುವ ಅಂಗಿ ತೊಟ್ಟು ಸ್ಟೇಡಿಯಂ ತುಂಬುತ್ತಾರೆ, ಸ್ಪೀಕರಿನಲ್ಲಿ ಕೋಳಿ ಕೂಗುತ್ತದೆ, ಪೊಲೀಸರು ನಿಂತು ಟ್ರಾಫಿಕ್ ಬಿಡಿಸುತ್ತಾರೆ. ನಮ್ಮ ಲ್ಯಾಬಿನಲ್ಲಿ ಉಪಕರಣ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ನನಗೆ ಆಟ ಕಲಿಸಿದರು. ಸ್ಪರಿಯರ್ ಬಗ್ಗೆ ಅವರಿಗೆ ಭಕ್ತಿಯೂ ಇತ್ತು, ಸಿಟ್ಟೂ ಇತ್ತು. ಎರಡೂ ಒಂದೇ ಮಧ್ಯಾಹ್ನದಲ್ಲಿ ಬಂದುಹೋಗುತ್ತಿದ್ದವು.

ಆಟ ನೋಡದವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಒಂದು ಕಡೆ ಹನ್ನೊಂದು ಜನ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡು ಹಿಡಿದು ಓಡಬಹುದು, ಎಸೆಯಲೂಬಹುದು. ಪ್ರತಿ ಸಲವೂ ಚೆಂಡು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಎಂದು ಎರಡು ಮೂರು ಸೆಕೆಂಡಿನಲ್ಲಿ ಆತ ತೀರ್ಮಾನಿಸಬೇಕು, ಅಷ್ಟರಲ್ಲಿ ನೂರಿಪ್ಪತ್ತು ಕಿಲೋ ತೂಗುವ ಮೂರು ನಾಲ್ಕು ಜನ ಅವನ ಮೇಲೆ ಬೀಳಲು ಬರುತ್ತಿರುತ್ತಾರೆ. ಕಾಲೇಜು ಆಟದಲ್ಲಿ ಇವರೆಲ್ಲ ಹದಿನೆಂಟರಿಂದ ಇಪ್ಪತ್ತೆರಡರ ಹುಡುಗರು. ಮೂರು ನಾಲ್ಕು ವರ್ಷಕ್ಕೆ ಬರುತ್ತಾರೆ, ಹೋಗುತ್ತಾರೆ. ಉಳಿಯುವವನು ಕೋಚ್. ಅದಕ್ಕೇ ಅಲ್ಲಿ ಊರಿನ ದೇವರು ಆಟಗಾರನಲ್ಲ, ಕೋಚ್.

ಸ್ಪರಿಯರ್ ಪಾದ್ರಿಯೊಬ್ಬರ ಮಗ. ಹುಟ್ಟಿದ್ದು 1945ರಲ್ಲಿ ಮಯಾಮಿ ಬೀಚ್‌ನಲ್ಲಿ, ಬೆಳೆದದ್ದು ಟೆನ್ನೆಸಿಯ ಜಾನ್ಸನ್ ಸಿಟಿಯಲ್ಲಿ. ಕಾಲೇಜಿಗೆ ಗೇನ್ಸ್‌ವಿಲ್‌ನ ಫ್ಲೋರಿಡಾ ವಿಶ್ವವಿದ್ಯಾಲಯ ಸೇರಿದ. (ಆತ ಆಡುತ್ತಿದ್ದ ಕಾಲದಲ್ಲೇ, 1965ರಲ್ಲಿ, ಅಲ್ಲಿನ ವೈದ್ಯ ರಾಬರ್ಟ್ ಕೇಡ್ ಮತ್ತು ಜೊತೆಯವರು ಬೆವರಿ ಸುಸ್ತಾಗುತ್ತಿದ್ದ ಆಟಗಾರರಿಗೆಂದು ಒಂದು ಪಾನೀಯ ತಯಾರಿಸಿದರು. ಇವತ್ತು ನಮ್ಮ ಜಿಮ್‌ಗಳಲ್ಲೂ ಸಿಗುವ ಗೇಟರೇಡ್ ಅದೇ. ಗೇಟರ್ಸ್, ಅಂದರೆ ಮೊಸಳೆಗಳು, ಆ ತಂಡದ ಹೆಸರು.)

1966ರ ಅಕ್ಟೋಬರ್ 29, ಎದುರಾಳಿ ಆಬರ್ನ್. ಕೊನೆಯ ಕೆಲವೇ ನಿಮಿಷ ಉಳಿದಿದೆ, ಎರಡೂ ಕಡೆ 27 ಅಂಕ. ನಾಲ್ಕನೇ ಪ್ರಯತ್ನ, ಗೋಲಿಗೆ 40 ಗಜ ದೂರ. ಫೀಲ್ಡ್ ಗೋಲ್, ಅಂದರೆ ಚೆಂಡನ್ನು ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸುವ ಕೆಲಸಕ್ಕೆಂದೇ ತಂಡದಲ್ಲಿ ಬೇರೆ ಹುಡುಗ ಇರುತ್ತಾನೆ, ಆದರೆ ಇದು ಅವನ ಕಾಲಿಗೆ ಸ್ವಲ್ಪ ದೂರವೇ. ಸ್ಪರಿಯರ್ ಕೋಚ್ ರೇ ಗ್ರೇವ್ಸ್ ಕಡೆ ತಿರುಗಿ ತಾನೇ ಒದೆಯುತ್ತೇನೆ ಎಂದು ಸನ್ನೆ ಮಾಡಿದ. ಗ್ರೇವ್ಸ್ ಬಿಟ್ಟರು. ಒದ್ದ, ಚೆಂಡು ಕಂಬಗಳ ನಡುವೆ ಹೋಯಿತು, 30-27. ಆ ವರ್ಷದ ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಆತನದಾಯಿತು. ಅದನ್ನು ಆತ ವಿಶ್ವವಿದ್ಯಾಲಯದ ಅಧ್ಯಕ್ಷರ ಕೈಗೇ ಕೊಟ್ಟುಬಿಟ್ಟ. ವಿದ್ಯಾರ್ಥಿಗಳು ಸೇರಿ ಆತನಿಗೊಂದು ಪ್ರತಿ ಮಾಡಿಸಿಕೊಟ್ಟರು. ಆಟಗಾರನಿಗೊಂದು, ಕಾಲೇಜಿಗೊಂದು ಎಂದು ಎರಡು ಟ್ರೋಫಿ ಕೊಡುವ ಪದ್ಧತಿ ಶುರುವಾದದ್ದು ಅಲ್ಲಿಂದ. ಉದಾರತೆಯ ಕತೆಯಾಗಿ ಇದನ್ನು ಹೇಳುತ್ತಾರೆ. ನನಗೆ ಮಾತ್ರ ಆ ಒದೆತವೇ ಹೆಚ್ಚು ಮಾತಾಡುತ್ತದೆ. ನೀನು ಬದಿಗೆ ಸರಿ, ನಾನು ಮಾಡುತ್ತೇನೆ. ಮುಂದೆ ಕೋಚ್ ಆದಾಗಲೂ ಈ ಸ್ವಭಾವ ಹೋಗಲಿಲ್ಲ. ಎದ್ದು ಹೋಗಿ ತಾನೇ ಒದೆಯಲು ನಿಯಮ ಬಿಡುತ್ತಿರಲಿಲ್ಲ, ಅಷ್ಟೇ.

1967ರಲ್ಲಿ, ವೃತ್ತಿಪರ ತಂಡಗಳು ಕಾಲೇಜು ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ಆತನನ್ನು ಮೂರನೇ ಆಯ್ಕೆಯಾಗಿ ತೆಗೆದುಕೊಂಡಿತು. ಅಲ್ಲಿ ಜಾನ್ ಬ್ರೋಡಿ ಎಂಬ ಹಿರಿಯ ಕ್ವಾರ್ಟರ್‌ಬ್ಯಾಕ್ ಗಟ್ಟಿಯಾಗಿ ಕೂತಿದ್ದ. ಸ್ಪರಿಯರ್ ಒಂಬತ್ತು ಸೀಸನ್ ಬಹುಪಾಲು ಬೆಂಚಿನ ಮೇಲೆ ಕಳೆದ, ಮಧ್ಯೆ ಮಧ್ಯೆ ಚೆಂಡನ್ನು ದೂರಕ್ಕೆ ಒದೆಯುವ ಪಂಟರ್ ಕೆಲಸ ಮಾಡಿದ. 1972ರಲ್ಲಿ ಬ್ರೋಡಿ ಗಾಯಗೊಂಡಾಗ ಅವಕಾಶ ಸಿಕ್ಕಿತು, ಚೆನ್ನಾಗಿಯೇ ಆಡಿದ, ಬ್ರೋಡಿ ಮರಳಿದ. 1976ರಲ್ಲಿ ಹೊಸದಾಗಿ ಹುಟ್ಟಿದ ಟ್ಯಾಂಪಾ ಬೇ ತಂಡಕ್ಕೆ ಹೋದ. ಆ ವರ್ಷ ಆ ತಂಡ ಆಡಿದ್ದು 14 ಪಂದ್ಯ, ಸೋತದ್ದು 14. ಅಲ್ಲಿಗೆ ಆಟ ಮುಗಿಯಿತು.

ಆತನ ಬಗ್ಗೆ ಬರೆಯುವವರು ಈ ಹತ್ತು ವರ್ಷವನ್ನು ಒಂದು ಸಾಲಿನಲ್ಲಿ ದಾಟುತ್ತಾರೆ. ನನಗೆ ಇಡೀ ಕತೆಯ ಬೇರು ಇಲ್ಲೇ ಇದೆ ಅನಿಸುತ್ತದೆ. ಊರೆಲ್ಲ ಹೊತ್ತು ಮೆರೆಸಿದ ಹುಡುಗ ಇಪ್ಪತ್ತೆರಡನೇ ವಯಸ್ಸಿನಿಂದ ಮೂವತ್ತರವರೆಗೆ ಬೇರೆಯವನ ಆಟವನ್ನು ಬದಿಯಿಂದ ನೋಡುತ್ತಾ ನಿಂತ. ಯಾರು ಎಲ್ಲಿಗೆ ಓಡಿದರೆ ಎದುರಾಳಿಯ ಯಾವ ಮೂಲೆ ಖಾಲಿಯಾಗುತ್ತದೆ ಎಂಬುದು ಕಾಣುವುದು ಆ ಜಾಗದಿಂದಲೇ. ತೊಂಬತ್ತರ ದಶಕದಲ್ಲಿ ಗೇನ್ಸ್‌ವಿಲ್ ಮೈದಾನದ ಮೇಲೆ ಬಿಡಿಸಿದ್ದು ಆ ಬೆಂಚಿನ ಮೇಲೆ ಕೂಡಿಟ್ಟ ಸರಕು.

ಕೋಚಿಂಗ್ ಆರಂಭವೂ ಅಷ್ಟೇನೂ ಸಲೀಸಾಗಿರಲಿಲ್ಲ. 1978ರಲ್ಲಿ ಫ್ಲೋರಿಡಾದಲ್ಲೇ ಕ್ವಾರ್ಟರ್‌ಬ್ಯಾಕ್‌ಗಳ ಕೋಚ್ ಆದ. ವರ್ಷ ಮುಗಿಯುತ್ತಲೇ ಮುಖ್ಯ ಕೋಚ್ ಬದಲಾದರು, ಹೊಸಬರಿಗೆ ಈತ ಬೇಡವಾದ. ಮರುವರ್ಷ ಜಾರ್ಜಿಯಾ ಟೆಕ್, ಅಲ್ಲೂ ಒಂದೇ ವರ್ಷ. 1980ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಕೋಚ್ ರೆಡ್ ವಿಲ್ಸನ್ ಆಕ್ರಮಣದ ಪೂರ್ತಿ ಜವಾಬ್ದಾರಿ ಕೊಟ್ಟರು. ಆಮೇಲೆ 1983ರಿಂದ ಮೂರು ವರ್ಷ, ವೃತ್ತಿಪರರ ದೊಡ್ಡ ಲೀಗ್ ಎನ್‌ಎಫ್‌ಎಲ್‌ಗೆ ಸಡ್ಡು ಹೊಡೆಯಲು ಹುಟ್ಟಿ ಬೇಗನೆ ಮುಳುಗಿದ ಯುಎಸ್‌ಎಫ್‌ಎಲ್‌ನ ಟ್ಯಾಂಪಾ ತಂಡಕ್ಕೆ ಮುಖ್ಯ ಕೋಚ್. 1987ರಲ್ಲಿ ಡ್ಯೂಕ್‌ಗೇ ಮುಖ್ಯ ಕೋಚ್ ಆಗಿ ಮರಳಿದ. ಡ್ಯೂಕ್ ಎಂದರೆ ಓದು, ಓದು ಬಿಟ್ಟರೆ ಬ್ಯಾಸ್ಕೆಟ್‌ಬಾಲ್. ಫುಟ್‌ಬಾಲ್‌ನಲ್ಲಿ ಅದು ತನ್ನ ಲೀಗನ್ನು ಕೊನೆಯ ಸಲ ಗೆದ್ದದ್ದು 1962ರಲ್ಲಿ. 1989ರಲ್ಲಿ ಮೊದಲ ನಾಲ್ಕರಲ್ಲಿ ಮೂರು ಸೋತ ತಂಡ ಆಮೇಲೆ ಸತತ ಏಳು ಗೆದ್ದು ಲೀಗಿನ ಜಂಟಿ ಚಾಂಪಿಯನ್ ಆಯಿತು. ಕೊನೆಯ ಗೆಲುವು ನೆರೆಯ ನಾರ್ತ್ ಕೆರೊಲಿನಾ ಮೇಲೆ, ಅವರದೇ ಅಂಗಳದಲ್ಲಿ, 41-0. ಪಂದ್ಯ ಮುಗಿದ ಮೇಲೆ ಸ್ಪರಿಯರ್ ಹುಡುಗರನ್ನೆಲ್ಲ ಸ್ಕೋರ್‌ಬೋರ್ಡ್ ಮುಂದೆ ನಿಲ್ಲಿಸಿ ಗ್ರೂಪ್ ಫೋಟೊ ತೆಗೆಸಿದ. ಮೂವತ್ತು ವರ್ಷದ ನಂತರವೂ ನಾರ್ತ್ ಕೆರೊಲಿನಾದ ಜನಕ್ಕೆ ಆ ಫೋಟೊ ಹೆಸರೆತ್ತಿದರೆ ಉರಿ ಹತ್ತುತ್ತದೆ.

1990ರಲ್ಲಿ ಫ್ಲೋರಿಡಾ ಕರೆಯಿತು. 1933ರಿಂದ ಎಸ್‌ಇಸಿ ಎಂಬ ದಕ್ಷಿಣದ ಬಲಾಢ್ಯರ ಲೀಗಿನಲ್ಲಿದ್ದೂ ಅಧಿಕೃತವಾಗಿ ಒಮ್ಮೆಯೂ ಚಾಂಪಿಯನ್ ಆಗದ ತಂಡ ಅದು. 1984ರಲ್ಲಿ ಗೆದ್ದಿತ್ತು, ನಿಯಮ ಮುರಿದ ಕಾರಣಕ್ಕೆ ಕಿತ್ತುಕೊಳ್ಳಲಾಯಿತು. ಬಂದವನೇ ಕೃತಕ ಹುಲ್ಲು ಕಿತ್ತು ನಿಜವಾದ ಹುಲ್ಲು ಹಾಕಿಸಿದ, ತಾನು ಆಡುವಾಗ ತೊಟ್ಟಿದ್ದ ನೀಲಿ ಅಂಗಿಯನ್ನು ವಾಪಸ್ ತಂದ, ಪಟ್ಟಿಯಲ್ಲಿ ಐದನೆಯವನಾಗಿದ್ದ ಶೇನ್ ಮ್ಯಾಥ್ಯೂಸ್ ಎಂಬ ಹುಡುಗನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದ. ಮೊದಲ ಪಂದ್ಯ ಒಕ್ಲಹೋಮ ಸ್ಟೇಟ್ ವಿರುದ್ಧ 50-7. ಆವರೆಗೆ ಎಸ್‌ಇಸಿ ಎಂದರೆ ಚೆಂಡು ಹೊತ್ತು ತಲೆ ತಗ್ಗಿಸಿ ನುಗ್ಗುವುದು, ಮೂರು ಗಜ, ಮತ್ತೆ ಮೂರು ಗಜ. ಸ್ಪರಿಯರ್ ಮೊದಲ ಪ್ರಯತ್ನದಿಂದಲೇ ಗಾಳಿಯಲ್ಲಿ ಎಸೆಸಿದ. ಹನ್ನೆರಡು ವರ್ಷದಲ್ಲಿ 122 ಗೆಲುವು, 27 ಸೋಲು, ಒಂದು ಸಮ. ಆರು ಎಸ್‌ಇಸಿ ಪ್ರಶಸ್ತಿ. ಇದನ್ನೆಲ್ಲ ಆತ ಗಾಲ್ಫ್ ಆಡಿಕೊಂಡೇ ಮಾಡಿದ. ಬೇರೆ ಕೋಚ್‌ಗಳು ಆಫೀಸಿನ ಸೋಫಾದಲ್ಲಿ ಮಲಗಿ ವಿಡಿಯೊ ನೋಡುತ್ತಾ ರಾತ್ರಿ ಕಳೆಯುವುದನ್ನು ಹಿರಿಮೆ ಎಂದುಕೊಂಡಿದ್ದ ಕಾಲದಲ್ಲಿ ಈತ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಿದ್ದ. ಐಟಿ ಕಂಪನಿಯಲ್ಲಿ ದುಡಿಯುವ ನನಗೆ ಆತನ ಎಲ್ಲ ದಾಖಲೆಗಳಿಗಿಂತ ಇದರ ಮೇಲೇ ಹೊಟ್ಟೆಕಿಚ್ಚು.

ಬಾಯಿಯೂ ಜೋರು. ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಫ್‌ಎಸ್‌ಯು, ಆಟಗಾರರು ಏಜೆಂಟರ ದುಡ್ಡಿನಲ್ಲಿ ಶೂ ಖರೀದಿಸಿದ ಹಗರಣ ಹೊರಬಿದ್ದಾಗ ಆತ ಅದಕ್ಕೆ ಫ್ರೀ ಶೂಸ್ ಯೂನಿವರ್ಸಿಟಿ ಎಂದು ಮರುನಾಮಕರಣ ಮಾಡಿದ. ಸಿಟ್ಟು ಬಂದರೆ ತಲೆಯ ಮೇಲಿನ ಬಿಳಿ ವೈಸರ್ (ನೆತ್ತಿ ತೆರೆದ ಟೋಪಿ) ನೆಲಕ್ಕೆ ಅಪ್ಪಳಿಸುತ್ತಿತ್ತು. ಆ ಸಿಟ್ಟು ಹೆಚ್ಚಾಗಿ ಬರುತ್ತಿದ್ದದ್ದು ತನ್ನದೇ ಕ್ವಾರ್ಟರ್‌ಬ್ಯಾಕ್ ಮೇಲೆ.

1993ರಲ್ಲಿ ಕೆಂಟಕಿ ವಿರುದ್ಧದ ಪಂದ್ಯ ನೋಡಿ. ಟೆರಿ ಡೀನ್ ಮತ್ತು ಡ್ಯಾನಿ ವರ್ಫಲ್ ಇಬ್ಬರನ್ನೂ ಒಳಗೆ ಹೊರಗೆ ಮಾಡುತ್ತಾ ಹೋದ. ಇಬ್ಬರೂ ಸೇರಿ ಏಳು ಸಲ ಚೆಂಡನ್ನು ಎದುರಾಳಿಯ ಕೈಗೆ ಎಸೆದರು. ಕೊನೆಗೆ ಮೂರು ಸೆಕೆಂಡ್ ಉಳಿದಿರುವಾಗ ಹೊಸ ಹುಡುಗ ವರ್ಫಲ್ ಎಸೆದ ಚೆಂಡನ್ನು ಕ್ರಿಸ್ ಡೋರಿಂಗ್ ಹಿಡಿದು 24-20ರಲ್ಲಿ ಗೆಲ್ಲಿಸಿದ. ಮರುವರ್ಷ ಡೀನ್ ಹೈಸ್‌ಮನ್ ಗೆಲ್ಲಬಹುದೆಂದು ಪತ್ರಿಕೆಗಳು ಬರೆಯುತ್ತಿದ್ದವು. ಅಕ್ಟೋಬರ್‌ನಲ್ಲಿ ಆಬರ್ನ್ ವಿರುದ್ಧ ನಾಲ್ಕು ಸಲ ಚೆಂಡನ್ನು ಎದುರಾಳಿಯ ಕೈಗೆ ಎಸೆದ, 36-33ರಲ್ಲಿ ತಂಡ ಸೋತಿತು, ಡೀನ್ ಬೆಂಚಿಗೆ ಹೋದ. ಅದು ಆ ಹುಡುಗನ ಕಾಲೇಜಿನ ಕೊನೆಯ ವರ್ಷ. ಬೆಂಚಿನ ಮೇಲೆ ಒಂಬತ್ತು ವರ್ಷ ಕೂತವನಿಗೆ ಬೆಂಚಿನ ನೋವು ಗೊತ್ತಿರಬೇಕಲ್ಲ ಎಂದು ನಾವು ಕೇಳಬಹುದು. ಗೊತ್ತಿತ್ತೋ ಏನೋ. ಆದರೆ ಸ್ಪರಿಯರ್ ಮೈದಾನದಲ್ಲಿ ನೋಡುತ್ತಿದ್ದದ್ದು ಡೀನ್‌ನನ್ನಲ್ಲ. ಅದೇ ಜಾಗದಲ್ಲಿ ತಾನಿದ್ದರೆ ಎಲ್ಲಿಗೆ ಎಸೆಯುತ್ತಿದ್ದೆ ಎಂಬುದನ್ನು. ಆ ಎರಡರ ನಡುವಿನ ಅಂತರಕ್ಕೆ ಹುಡುಗ ಬೆಲೆ ತೆರುತ್ತಿದ್ದ.

1997ರ ನವೆಂಬರ್‌ನಲ್ಲಿ ಇದು ಬರಿಗಣ್ಣಿಗೇ ಕಂಡಿತು. ಎಫ್‌ಎಸ್‌ಯು ಒಂದೂ ಸೋಲದೆ ಬಂದಿತ್ತು. ಸ್ಪರಿಯರ್ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು, ಡಗ್ ಜಾನ್ಸನ್ ಮತ್ತು ನೋವಾ ಬ್ರಿಂಡೈಸ್, ಹೆಚ್ಚುಕಡಿಮೆ ಪ್ರತಿ ಪ್ರಯತ್ನಕ್ಕೂ ಅದಲುಬದಲು ಮಾಡಿದ. ಒಬ್ಬ ಆಡುತ್ತಿರುವಾಗ ಇನ್ನೊಬ್ಬ ಕೋಚ್ ಪಕ್ಕದಲ್ಲಿ ನಿಂತು ಮುಂದಿನ ಪ್ಲೇ ಕೇಳಿಸಿಕೊಳ್ಳುತ್ತಾನೆ, ಓಡಿ ಒಳಗೆ ಹೋಗುತ್ತಾನೆ, ಅವನು ಹೊರಗೆ ಬರುತ್ತಾನೆ. ತಂಡಕ್ಕೆ ಒಬ್ಬನೇ ನಾಯಕನಿರಬೇಕು, ಕ್ವಾರ್ಟರ್‌ಬ್ಯಾಕ್‌ಗೆ ಲಯ ಸಿಗಬೇಕು ಎಂದು ಆ ಆಟದಲ್ಲಿ ಎಲ್ಲರೂ ಹೇಳುವ ಮಾತುಗಳನ್ನೆಲ್ಲ ಗಾಳಿಗೆ ತೂರಿ 32-29ರಲ್ಲಿ ಗೆದ್ದ. ಜನ ಅದನ್ನು ಚಾಣಾಕ್ಷತನ ಎಂದು ಕೊಂಡಾಡಿದರು, ಸರಿಯೇ. ನನ್ನ ಲೆಕ್ಕದಲ್ಲಿ ಅವತ್ತು ಇಬ್ಬರು ಕ್ವಾರ್ಟರ್‌ಬ್ಯಾಕ್ ಇರಲೇ ಇಲ್ಲ. ಇದ್ದವನು ಒಬ್ಬನೇ, ಐವತ್ತೆರಡು ವರ್ಷದವನು, ತಲೆಗೆ ವೈಸರ್ ಹಾಕಿಕೊಂಡು ಗೆರೆಯಾಚೆ ನಿಂತಿದ್ದ.

ಈ ಬಿರುಸನ್ನು ನಗುತ್ತಾ ತಾಳಿಕೊಂಡವನು ವರ್ಫಲ್ ಒಬ್ಬ. ಈತನೂ ಪಾದ್ರಿಯ ಮಗ. ಬೈದರೆ ಮುಖ ಗಂಟಿಕ್ಕದ ಹುಡುಗ. 1996ರ ನವೆಂಬರ್ 30ರಂದು ಎಫ್‌ಎಸ್‌ಯು ಆತನನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿ 24-21ರಲ್ಲಿ ಗೆದ್ದಿತು. ಚೆಂಡು ಎಸೆದಾದ ಮೇಲೂ ಹೊಡೆದಿದ್ದಾರೆಂದು ಸ್ಪರಿಯರ್ ವಾರಗಟ್ಟಲೆ ದೂರಿದ. ಬೇರೆ ತಂಡಗಳ ಸೋಲು ಒದಗಿ ಬಂದು, 1997ರ ಜನವರಿ 2ರಂದು ಸೀಸನ್ ಕೊನೆಯ ಶುಗರ್ ಬೌಲ್ ಪಂದ್ಯದಲ್ಲಿ ಮತ್ತೆ ಅದೇ ಎದುರಾಳಿ ಸಿಕ್ಕಿತು, ಈ ಸಲ ರಾಷ್ಟ್ರೀಯ ಪ್ರಶಸ್ತಿಗೆ. ದೂರಿದ್ದು ಸಾಕೆಂದು ಸ್ಪರಿಯರ್ ಒಂದು ಸಣ್ಣ ಬದಲಾವಣೆ ಮಾಡಿದ. ವರ್ಫಲ್ ಚೆಂಡು ಕೊಡುವವನ ಬೆನ್ನಿಗೇ ಅಂಟಿ ನಿಲ್ಲುವ ಬದಲು ಹಲವು ಗಜ ಹಿಂದೆ, ಶಾಟ್‌ಗನ್ ನಿಲುವಿನಲ್ಲಿ ನಿಂತ. ಮೈಮೇಲೆ ಬೀಳುವವರು ತಲುಪುವ ಮೊದಲು ಕಣ್ಣಾಡಿಸಲು ಅರ್ಧ ಸೆಕೆಂಡ್ ಹೆಚ್ಚಿಗೆ ಸಿಕ್ಕಿತು. ಅರ್ಧ ಸೆಕೆಂಡ್ ಸಾಕಾಯಿತು: 52-20. ಆ ವರ್ಷದ ಹೈಸ್‌ಮನ್ ಕೂಡ ವರ್ಫಲ್‌ಗೇ. ಹೈಸ್‌ಮನ್ ಗೆದ್ದವನೊಬ್ಬ ಇನ್ನೊಬ್ಬ ಹೈಸ್‌ಮನ್ ವಿಜೇತನಿಗೆ ಕೋಚ್ ಆಗಿದ್ದು ಅದೇ ಮೊದಲು.

2002ರಲ್ಲಿ ಎನ್‌ಎಫ್‌ಎಲ್‌ನ ವಾಷಿಂಗ್ಟನ್ ತಂಡ ಐದು ವರ್ಷಕ್ಕೆ ಎರಡೂವರೆ ಕೋಟಿ ಡಾಲರ್ ಕೊಟ್ಟು ಕರೆದೊಯ್ಯಿತು. ಅಲ್ಲಿಗೆ ಹೋಗುವಾಗ ತನ್ನ ಹಳೆಯ ಹುಡುಗರಾದ ವರ್ಫಲ್, ಮ್ಯಾಥ್ಯೂಸ್ ಇಬ್ಬರನ್ನೂ ಕರೆಸಿಕೊಂಡ. ವೃತ್ತಿಪರರ ಲೀಗಿನಲ್ಲಿ ಅದು ನಡೆಯಲಿಲ್ಲ. ಎಲ್ಲರನ್ನೂ ಪಾಸ್ ಹಿಡಿಯಲು ಓಡಿಸಿದರೆ ಕ್ವಾರ್ಟರ್‌ಬ್ಯಾಕ್ ಕಾಯಲು ಯಾರೂ ಉಳಿಯುವುದಿಲ್ಲ, ಯುವಕ ಪ್ಯಾಟ್ರಿಕ್ ರ‍್ಯಾಮ್ಸಿ ಏಟು ತಿಂದು ತಿಂದು ಹಣ್ಣಾದ. ಎರಡು ವರ್ಷದಲ್ಲಿ 12 ಗೆಲುವು, 20 ಸೋಲು. ಉಳಿದ ಮೂರು ವರ್ಷದ ದುಡ್ಡು ಬಿಟ್ಟು ಎದ್ದು ಬಂದ. ಆ ಅಧ್ಯಾಯದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದು ನನಗೇನೂ ಇಲ್ಲ.

2005ರಲ್ಲಿ ಕೊಲಂಬಿಯಾಕ್ಕೆ ಬಂದ. 1998, 99ರ ಸುಮಾರಿಗೆ ಸತತ 21 ಪಂದ್ಯ ಸೋತಿದ್ದ ತಂಡ ಇದು. ಆದರೂ ಸ್ಟೇಡಿಯಂ ತುಂಬುತ್ತಿತ್ತು, ಹುಂಜದ ಮೇಲಿನ ಪ್ರೀತಿ ಅಂಥದ್ದು. ನಾನು ಹೋದಾಗ ಕ್ವಾರ್ಟರ್‌ಬ್ಯಾಕ್ ಸ್ಟೀಫನ್ ಗಾರ್ಸಿಯಾ. ಪ್ರತಿಭಾವಂತ, ಶಿಸ್ತಿಗೆ ಬದ್ಧ ವೈರಿ, ತಂಡದಿಂದ ಸಸ್ಪೆಂಡ್ ಆಗುವುದು ಅವನಿಗೆ ಅಭ್ಯಾಸವೇ ಆಗಿತ್ತು. ಡೀನ್‌ನನ್ನು ಒಂದು ಸೋಲಿಗೆ ಕೂರಿಸಿದ್ದ ಮನುಷ್ಯ ಇವನನ್ನು ವರ್ಷಗಟ್ಟಲೆ ಬೈದುಕೊಂಡು ಸಹಿಸಿಕೊಂಡ. 2010ರ ಅಕ್ಟೋಬರ್ 9ರಂದು ದೇಶದ ನಂಬರ್ ಒನ್, ಸತತ 19 ಪಂದ್ಯ ಗೆದ್ದಿದ್ದ ಅಲಬಾಮಾ ಬಂತು. ಗಾರ್ಸಿಯಾ ಎಸೆದ 20 ಪಾಸ್‌ಗಳಲ್ಲಿ 17 ಗುರಿ ಮುಟ್ಟಿದವು, ಮೂರು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು), 35-21. ನಮ್ಮ ಅಪಾರ್ಟ್‌ಮೆಂಟಿನ ಗೋಡೆಗಳೆಲ್ಲ ಅದುರಿದವು. ಸೋಮವಾರ ಲ್ಯಾಬಿನ ಹಿರಿಯರು ಕೆಲಸಕ್ಕೆ ಬಂದರೂ ಕೆಲಸ ಮಾಡಲಿಲ್ಲ.

ಮುಂದಿನ ಶನಿವಾರವೇ ಕೆಂಟಕಿ ಎದುರು 31-28ರಲ್ಲಿ ಸೋತರು. ಕೊನೆಯ ಸೆಕೆಂಡುಗಳಲ್ಲಿ ಫೀಲ್ಡ್ ಗೋಲ್ ಒದ್ದು ಸಮ ಮಾಡಿಕೊಳ್ಳಬಹುದಿತ್ತು. ಸ್ಪರಿಯರ್ ಗೆಲ್ಲಲು ಎಸೆಸಿದ, ಚೆಂಡು ಎದುರಾಳಿಯ ಕೈ ಸೇರಿತು. ಹಿರಿಯರು ಎರಡು ದಿನ ಆತನ ಹೆಸರೇ ಎತ್ತಲಿಲ್ಲ. ಎತ್ತಿದಾಗ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆ ಸೀಸನ್ನಿನ ನಿಜವಾದ ಅಚ್ಚರಿ ನವೆಂಬರ್ 13ಕ್ಕೆ ಕಾದಿತ್ತು. ಎಸ್‌ಇಸಿಯ ಪೂರ್ವ ವಿಭಾಗ ಯಾರಿಗೆ ಎಂದು ತೀರ್ಮಾನಿಸುವ ಪಂದ್ಯ, ಅದೂ ಗೇನ್ಸ್‌ವಿಲ್‌ನಲ್ಲಿ. ಆ ಸ್ಟೇಡಿಯಂಗೆ ದಿ ಸ್ವಾಂಪ್, ಅಂದರೆ ಮೊಸಳೆಗಳ ಜೌಗು ಎಂದು ಹೆಸರಿಟ್ಟವನೇ ಸ್ಪರಿಯರ್. ಪಾಸಿಂಗ್ ಆಟಕ್ಕೆ ತನ್ನ ಹೆಸರನ್ನೇ ಅಂಟಿಸಿಕೊಂಡಿದ್ದ ಮನುಷ್ಯ ಅವತ್ತು ಅಲ್ಲಿ ಏನು ಮಾಡಿದ? ಮಾರ್ಕಸ್ ಲ್ಯಾಟಿಮೋರ್ ಎಂಬ ಮೊದಲ ವರ್ಷದ ಹುಡುಗನ ಕೈಗೆ ಚೆಂಡು ಕೊಡಿಸಿದ. ಮತ್ತೆ ಕೊಡಿಸಿದ. 40 ಸಲ ಕೊಡಿಸಿದ. ಟಿವಿ ಮುಂದೆ ಕೂತ ನನಗೆ ಮೊದಮೊದಲು ಇದೇನೋ ಉಪಾಯದ ಮೊದಲ ಭಾಗ ಇರಬೇಕು, ಇನ್ನೇನು ಉದ್ದನೆಯ ಪಾಸ್ ಬರುತ್ತದೆ ಅನಿಸುತ್ತಿತ್ತು. ಬರಲಿಲ್ಲ. ಲ್ಯಾಟಿಮೋರ್ ತಲೆ ತಗ್ಗಿಸಿ ನುಗ್ಗುತ್ತಾನೆ, ನಾಲ್ಕು ಗಜ. ಎದ್ದು ಚೆಂಡನ್ನು ಅಂಪೈರ್ ಕೈಗೆ ಕೊಟ್ಟು ಬರುತ್ತಾನೆ. ಮತ್ತೆ ನುಗ್ಗುತ್ತಾನೆ, ಆರು ಗಜ. ಸಂಜೆಯ ಕೊನೆಗೆ 212 ಗಜ, ಮೂರು ಟಚ್‌ಡೌನ್, 36-14. ಅರವತ್ತೈದನೇ ವಯಸ್ಸಿನಲ್ಲಿ ಸ್ಪರಿಯರ್ ಚೆಂಡನ್ನು ಕ್ವಾರ್ಟರ್‌ಬ್ಯಾಕ್ ಕೈಯಿಂದ, ಅಂದರೆ ತನ್ನ ಕೈಯಿಂದ, ಬಿಟ್ಟುಕೊಟ್ಟದ್ದನ್ನು ನಾನು ನೋಡಿದೆ. ಮುಂದಿನ ಮೂರು ವರ್ಷ, 2011ರಿಂದ 2013, ಪ್ರತಿ ಸೀಸನ್ನಿನಲ್ಲೂ 11 ಗೆಲುವು. ಅದರ ದೊಡ್ಡ ಹೆಸರು ಜಡೇವಿಯನ್ ಕ್ಲೌನಿ, ಆತ ಆಡುತ್ತಿದ್ದದ್ದು ರಕ್ಷಣೆಯಲ್ಲಿ. ಲ್ಯಾಟಿಮೋರ್ ಎರಡು ಸಲ ಮೊಣಕಾಲು ಮುರಿದುಕೊಂಡು ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ ಉಳಿದ. ಆ 40 ಸಲವನ್ನು ನೆನೆದಾಗ ನನಗೆ ಅದೂ ನೆನಪಾಗುತ್ತದೆ.

2015ರ ಅಕ್ಟೋಬರ್‌ನಲ್ಲಿ, ಆರು ಪಂದ್ಯದಲ್ಲಿ ನಾಲ್ಕು ಸೋತಿದ್ದಾಗ, ಸೀಸನ್ ಮಧ್ಯದಲ್ಲೇ ಸ್ಪರಿಯರ್ ಕೆಲಸ ಬಿಟ್ಟ. 86 ಗೆಲುವು, ಆ ವಿಶ್ವವಿದ್ಯಾಲಯದ ಯಾವ ಕೋಚ್‌ಗೂ ಇಲ್ಲದಷ್ಟು. ನಾನು ಅಷ್ಟರಲ್ಲಿ ಬೆಂಗಳೂರಿಗೆ ವಾಪಸಾಗಿದ್ದೆ. ಹಿರಿಯರಿಂದ ಉದ್ದನೆಯ ಮೇಲ್ ಬಂತು, ಪೂರ್ತಿ ಸಿಟ್ಟು. ನಾಲ್ಕು ವರ್ಷ ನಿಮ್ಮ ಜೊತೆ ಇರುತ್ತೇನೆ ಎಂದು ಮನೆಮನೆಗೆ ಹೋಗಿ ಹುಡುಗರನ್ನು ಕರೆತಂದವನು ಅಕ್ಟೋಬರ್‌ನಲ್ಲಿ ಹೇಗೆ ಹೋದ ಎಂದು. ಅವರ ಮಾತಿನಲ್ಲಿ ನ್ಯಾಯವಿದೆ. ಹುಡುಗನೊಬ್ಬ ಸೀಸನ್ ಮಧ್ಯೆ ಬಿಟ್ಟುಹೋಗಿದ್ದರೆ ಇದೇ ಸ್ಪರಿಯರ್ ಏನನ್ನುತ್ತಿದ್ದ ಎಂಬುದು ಊಹಿಸಲು ಕಷ್ಟವಿಲ್ಲ.

ನಿವೃತ್ತಿ ಅಲ್ಲಿಗೆ ನಿಲ್ಲಲಿಲ್ಲ. 2019ರಲ್ಲಿ ಎಎಎಫ್ ಎಂಬ ಹೊಸ ಲೀಗ್ ಹುಟ್ಟಿತು, ಅದರ ಒರ್ಲ್ಯಾಂಡೊ ತಂಡಕ್ಕೆ ಎಪ್ಪತ್ತಮೂರರ ಸ್ಪರಿಯರ್ ಕೋಚ್. ಫೆಬ್ರವರಿ 9ರ ಮೊದಲ ಪಂದ್ಯದಲ್ಲೇ ಚೆಂಡು ಹಿಡಿಯಬೇಕಾದವನ ಕೈಯಿಂದ ಎಸೆಸಿ, ಎಸೆಯಬೇಕಾದ ಕ್ವಾರ್ಟರ್‌ಬ್ಯಾಕ್ ಗ್ಯಾರೆಟ್ ಗಿಲ್ಬರ್ಟ್ ಕೈಯಲ್ಲಿ ಅದನ್ನು ಹಿಡಿಸಿ ಟಚ್‌ಡೌನ್ ಮಾಡಿಸಿದ. ಸ್ಕೋರ್ 40-6. ಎಂಟು ಪಂದ್ಯ ಆಗುವಷ್ಟರಲ್ಲಿ ದುಡ್ಡು ಮುಗಿದು ಲೀಗೇ ಬಾಗಿಲು ಹಾಕಿತು. ಏಳು ಗೆದ್ದು ಒಂದು ಸೋತಿದ್ದ ಒರ್ಲ್ಯಾಂಡೊ ಆಗ ಪಟ್ಟಿಯ ತುದಿಯಲ್ಲಿತ್ತು. ಹಾಗಾದರೆ ಚಾಂಪಿಯನ್ ನಾವೇ ಎಂದು ಸ್ಪರಿಯರ್ ಸಾರಿಯೂ ಬಿಟ್ಟ.